ಬಾಲಕ್ಕೂ ಬೆಲೆ: ಭಟ್ಕಳದ ಕುದುರೆ ಹಡಗಿನಿಂದ ಲೋಡ್ ಬೋರ್ಡಿನವರೆಗೆ

ಕುಮಟಾದಿಂದ ಹೊನ್ನಾವರ ದಾಟಿ ಭಟ್ಕಳದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ ಎದುರಿಗೆ ಬರುವ ಲಾರಿಗಳನ್ನು ನೀವು ಗಮನಿಸಿರಬಹುದು. ಕೆಲವು ತುಂಬಿರುತ್ತವೆ, ಕೆಲವು ಖಾಲಿ. ಸರಕು ಇಳಿಸಿದ ಲಾರಿಗೆ ಹಿಂದಿರುಗುವಾಗ ಬಾಡಿಗೆ ಸಿಗದಿದ್ದರೆ ಡೀಸೆಲ್ ಖರ್ಚು ಮಾಲೀಕನ ತಲೆಯ ಮೇಲೆಯೇ. ಅದೇ ಹೊತ್ತಿಗೆ ಪಕ್ಕದ ಊರಿನಲ್ಲಿ ಯಾರೋ ಒಬ್ಬರು ಲಾರಿಗಾಗಿ ಹುಡುಕುತ್ತಿರುತ್ತಾರೆ. ಸರಕು ಇರುವವರನ್ನೂ ಖಾಲಿ ವಾಹನ ಇರುವವರನ್ನೂ ಒಂದೇ ಕಡೆ ಸೇರಿಸುವ ವ್ಯವಸ್ಥೆಗೆ ‘ಲೋಡ್ ಬೋರ್ಡ್’ ಎಂದು ಹೆಸರು. ಎಲ್ಲಿಂದ, ಎಲ್ಲಿಗೆ, ಯಾವಾಗ, ಎಷ್ಟು ತೂಕ, ಯಾವ ಬಗೆಯ ವಾಹನ ಎಂಬ ವಿವರಗಳನ್ನು ಒಬ್ಬರು ಅದರಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಓದಿ ಒಪ್ಪಿಕೊಳ್ಳುತ್ತಾರೆ. ಇಂದು ಈ ಹಲಗೆ ಕಂಪ್ಯೂಟರಿನ ಪರದೆಯಲ್ಲಿ, ಮೊಬೈಲ್ ಫೋನಿನಲ್ಲಿ ಇದೆ.

ಸಾಗಿಸಬೇಕಾದದ್ದು ಸಿಮೆಂಟ್ ಚೀಲವಾದರೆ ಇಷ್ಟು ವಿವರ ಸಾಕು. ಅದು ಜೀವಂತ ಎಮ್ಮೆಯೋ ಕುದುರೆಯೋ ಆದರೆ? ದಾರಿಯಲ್ಲಿ ಅದು ನೀರು ಕುಡಿಯಬೇಕು, ಉಸಿರಾಡಬೇಕು, ನಿಲ್ಲಬೇಕು, ಮಲಗಬೇಕು. ಸತ್ತರೆ ಆ ನಷ್ಟ ಯಾರದು ಎಂಬ ಪ್ರಶ್ನೆಯೂ ಏಳುತ್ತದೆ. ಈ ಪ್ರಶ್ನೆಗಳು ಇಂಟರ್‌ನೆಟ್ ಜೊತೆ ಹುಟ್ಟಿದವಲ್ಲ. ಐದು-ಆರು ಶತಮಾನಗಳ ಹಿಂದೆ ಇದೇ ಕರಾವಳಿಯಲ್ಲಿ ಸಾವಿರಾರು ಕುದುರೆಗಳನ್ನು ಸಮುದ್ರದ ಮೇಲೆ ಸಾಗಿಸಿದವರು ಇವಕ್ಕೆಲ್ಲ ಒಂದಲ್ಲ ಒಂದು ಉತ್ತರ ಕಂಡುಕೊಂಡಿದ್ದರು. ಆ ಉತ್ತರಗಳಲ್ಲಿ ಯಾವುದು ಉಳಿಯಿತು, ಯಾವುದು ಕೆಟ್ಟಿತು ಎಂಬುದನ್ನು ನೋಡೋಣ.

ಕುದುರೆ ಹಡಗೇರಿದ್ದೇಕೆ?

ದಖ್ಖನಿನಲ್ಲಿ ನಾಡ ಕುದುರೆಗಳು ಇಲ್ಲದಿರಲಿಲ್ಲ. ಆದರೆ ಅವು ಗಾತ್ರದಲ್ಲಿ ಚಿಕ್ಕವು. ಆಯುಧ, ಕವಚಗಳ ಸಮೇತ ಸವಾರನನ್ನು ಹೊತ್ತು ವೇಗವಾಗಿ ಓಡಬಲ್ಲ ದೊಡ್ಡ ಕುದುರೆಗಳು ಅರೇಬಿಯ ಮತ್ತು ಪರ್ಷಿಯಾದಿಂದ ಬರಬೇಕಿತ್ತು. ನಮ್ಮ ಕರಾವಳಿಯ ಮತ್ತು ಮಲೆನಾಡಿನ ತೇವದ ಹವೆ ಆ ತಳಿಗಳಿಗೆ ಒಗ್ಗುತ್ತಿರಲಿಲ್ಲ. ಆದ್ದರಿಂದ ಇಲ್ಲಿ ಸಾಕಿ ಬೆಳೆಸುವುದಕ್ಕಿಂತ ಪ್ರತಿ ವರ್ಷ ತರಿಸುವುದೇ ರೂಢಿಯಾಯಿತು. ವಿಜಯನಗರ ಮತ್ತು ಬಹಮನಿ ರಾಜ್ಯಗಳೆರಡಕ್ಕೂ ಅಶ್ವದಳವೇ ಸೈನ್ಯದ ಬೆನ್ನೆಲುಬು. ಭೂಮಾರ್ಗದಲ್ಲಿ ಉತ್ತರದಿಂದ ಕುದುರೆ ತರಿಸಬೇಕೆಂದರೆ ವಿಜಯನಗರಕ್ಕೆ ಶತ್ರು ರಾಜ್ಯಗಳು ಅಡ್ಡವಾಗಿದ್ದವು. ಉಳಿದದ್ದು ಸಮುದ್ರ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಗೋವೆಯನ್ನು ಗೆದ್ದುಕೊಂಡ ಮೇಲೆ ವಿಜಯನಗರದ ಪಾಲಿಗೆ ಭಟ್ಕಳ ಮತ್ತು ಹೊನ್ನಾವರಗಳ ಮಹತ್ವ ಇನ್ನಷ್ಟು ಹೆಚ್ಚಿತು.

ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ದ್ವೀಪದಿಂದ ಭಟ್ಕಳಕ್ಕೆ ನೇರ ಗೆರೆ ಎಳೆದರೂ 2,300 ಕಿ.ಮೀ.ಗೂ ಹೆಚ್ಚು ದೂರವಾಗುತ್ತದೆ. ಹಾಯಿ ಹಡಗಿಗೆ ಬೇಕಾದಾಗ ಹೊರಡುವ ಸ್ವಾತಂತ್ರ್ಯವಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತದ ಅಬ್ಬರಕ್ಕೆ ನಮ್ಮ ಬಂದರುಗಳು ಮುಚ್ಚಿರುತ್ತಿದ್ದವು. ಮಳೆಗೆ ಮುಂಚೆ ಅಥವಾ ಮಳೆಯ ಅಬ್ಬರ ತಗ್ಗಿದ ಮೇಲೆ ಬಂದು ತಲುಪಬೇಕು, ಈಶಾನ್ಯ ಮಾರುತದ ಕಾಲದಲ್ಲಿ ಹಿಂದಿರುಗಬೇಕು. ಹಡಗು ಯಾವಾಗ ಸಿಗುತ್ತದೆ ಎಂಬ ಮಾಹಿತಿಯನ್ನು ಅಂದು ಪ್ರಕಟಿಸುತ್ತಿದ್ದದ್ದು ಗಾಳಿಯೇ. ವ್ಯಾಪಾರಿಗಳೂ ನಾವಿಕರೂ ಒಂದೇ ಋತುವಿನಲ್ಲಿ ಒಂದೇ ಬಂದರಿಗೆ ಬಂದು ಸೇರುತ್ತಿದ್ದರು. ಸರಕು ಮತ್ತು ಸ್ಥಳ ಅಲ್ಲಿಯೇ ಹೊಂದಿಕೆಯಾಗುತ್ತಿತ್ತು.

ದೊಡ್ಡ ವರ್ತಕರಷ್ಟೇ ಅಲ್ಲ, ಒಂದೇ ಕುದುರೆಯ ಒಡೆಯನೂ ಹೀಗೆ ಜಾಗ ಹುಡುಕಿಕೊಳ್ಳುತ್ತಿದ್ದ. 1470ರ ಆಸುಪಾಸಿನಲ್ಲಿ ಭಾರತಕ್ಕೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಹೋರ್ಮುಜಿನಲ್ಲಿ ತನ್ನ ಒಂದು ಗಂಡು ಕುದುರೆಯೊಂದಿಗೆ ಹಡಗೇರಿದ. ಚೌಲ್ ಬಂದರು ತಲುಪಲು ಆರು ವಾರ ಹಿಡಿಯಿತು. ಬೀದರಿಗೆ ಹತ್ತಿರದ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಸೇರುವ ಜಾತ್ರೆಯಲ್ಲಿ 20,000ದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಅವನು ಬರೆದಿದ್ದಾನೆ. ಕೊಳ್ಳುವವರು, ಮಾರುವವರು, ಸಾಗಿಸುವವರು ಒಂದೆಡೆ ಸೇರುವ ಜಾತ್ರೆಯೂ ಒಂದು ಬಗೆಯ ಹಲಗೆಯೇ. ವ್ಯತ್ಯಾಸವೆಂದರೆ ಅದನ್ನು ಓದಲು ಜನರೇ ಅಲ್ಲಿಗೆ ಹೋಗಬೇಕಿತ್ತು.

ಹಡಗಿನ ಒಳಗೆ

ಕುದುರೆಗಳನ್ನು ಹಡಗಿನಲ್ಲಿ ಹೇಗೆ ನಿಲ್ಲಿಸುತ್ತಿದ್ದರು? 13ನೆಯ ಶತಮಾನದ ಕೊನೆಯಲ್ಲಿ ಹೋರ್ಮುಜನ್ನು ಕಂಡ ಮಾರ್ಕೊ ಪೋಲೊ ಇದನ್ನು ವರ್ಣಿಸಿದ್ದಾನೆ. ಅಲ್ಲಿಯ ಹಡಗುಗಳ ಹಲಗೆಗಳಿಗೆ ಕಬ್ಬಿಣದ ಮೊಳೆ ಇರಲಿಲ್ಲ. ತೆಂಗಿನ ನಾರಿನ ಹಗ್ಗದಿಂದ ಅವನ್ನು ಹೊಲಿಯುತ್ತಿದ್ದರು. ಮೇಲ್ಮಹಡಿ ಇರುತ್ತಿರಲಿಲ್ಲ. ಸರಕನ್ನು ತಳದಲ್ಲಿ ತುಂಬಿ, ಅದರ ಮೇಲೆ ಚರ್ಮಗಳನ್ನು ಹೊದಿಸಿ, ಆ ಚರ್ಮದ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ಇಂಥ ಹಡಗಿನಲ್ಲಿ ಹೋಗುವುದು ಬಲು ಅಪಾಯ, ಅನೇಕ ಹಡಗುಗಳು ಮುಳುಗುತ್ತವೆ ಎಂದೂ ಅವನು ಹೇಳುತ್ತಾನೆ.

ಈ ಜೋಡಣೆಯ ಹಿಂದಿನ ಭೌತವಿಜ್ಞಾನವನ್ನು ಗಮನಿಸಿ. ನಿಂತ ಕುದುರೆಯ ಗುರುತ್ವಕೇಂದ್ರ ನೆಲದಿಂದ ಸಾಕಷ್ಟು ಎತ್ತರದಲ್ಲಿರುತ್ತದೆ. ಹತ್ತಾರು ಕುದುರೆಗಳು ಮೇಲೆ ನಿಂತರೆ ಇಡೀ ಹಡಗಿನ ಗುರುತ್ವಕೇಂದ್ರ ಮೇಲಕ್ಕೇರಿ ಅದು ಮಗುಚುವ ಸಂಭವ ಹೆಚ್ಚುತ್ತದೆ. ತಳದಲ್ಲಿ ಭಾರದ ಸರಕು ಇದ್ದರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆ. ಚರ್ಮದ ಹೊದಿಕೆ ಸರಕನ್ನು ಸಗಣಿ-ಮೂತ್ರಗಳಿಂದ ಕಾಪಾಡುತ್ತದೆ. ಮೇಲ್ಮಹಡಿ ಇಲ್ಲದ್ದರಿಂದ ಬಿಸಿಲು, ಅಲೆಗಳ ಕಾಟವೇನೋ ಇತ್ತು. ಆದರೆ ಮುಚ್ಚಿದ ಕೋಣೆಯಲ್ಲಿ ಮೂತ್ರದಿಂದ ಏಳುವ ಅಮೋನಿಯಾ ಅನಿಲದ ಕಾಟ ಕಡಿಮೆ.

ಇನ್ನೊಂದು ಬಗೆಯ ಹಡಗನ್ನು ನೋಡಲು ನಾವು ಹೊನ್ನಾವರಕ್ಕೇ ಬರಬೇಕು. 1340ರ ದಶಕದ ಆರಂಭದಲ್ಲಿ ಇಬ್ನ್ ಬತೂತಾ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ಸುಲ್ತಾನ 52 ಹಡಗುಗಳೊಂದಿಗೆ ಗೋವೆಯ ಮೇಲೆ, ಅಂದಿನ ಹೆಸರಿನಲ್ಲಿ ಸಂದಾಪುರದ ಮೇಲೆ, ದಂಡೆತ್ತಿ ಹೋದಾಗ ಇವನೂ ಜೊತೆಗೆ ಹೋದ. ಆ ದಂಡಿನಲ್ಲಿ ‘ತಾರೀದಾ’ ಎಂಬ ಎರಡು ಹಡಗುಗಳಿದ್ದವು. ಅವುಗಳ ಹಿಂಭಾಗ ತೆರೆದಿತ್ತು. ಸವಾರನು ಹಡಗಿನೊಳಗೇ ಕುದುರೆಯೇರಿ, ಕವಚ ತೊಟ್ಟು, ನೇರವಾಗಿ ಹೊರಬರಬಹುದಿತ್ತು. ಎತ್ತಿ ಇಳಿಸುವ ಬದಲು ನಡೆಸಿ ಇಳಿಸುವ ಉಪಾಯ ಇದು. ಕೊಂಕಣ ರೈಲ್ವೆ 1999ರಲ್ಲಿ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವ ‘ರೋ-ರೋ’ ಸೇವೆಯನ್ನು ಆರಂಭಿಸಿತು. ಸುರತ್ಕಲ್‌ನಿಂದ ಕೋಲಾಡಿಗೆ ಹೋಗುವ ಆ ರೈಲು ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಹಾದುಹೋಗುತ್ತದೆ. ಸರಕನ್ನು ಹೊತ್ತು ಏರಿಸದೆ ಅದರ ಕಾಲಿನ ಮೇಲೋ ಚಕ್ರದ ಮೇಲೋ ಏರಿಸುವ ತತ್ತ್ವ ಎರಡರಲ್ಲೂ ಒಂದೇ.

ಒಂದು ಲೆಕ್ಕ ಮಾಡಿ ನೋಡಿ

ಜೀವಂತ ಸರಕಿನ ನಿಜವಾದ ತೂಕವೆಷ್ಟು? ತರಗತಿಯಲ್ಲಿಯೂ ಮಾಡಬಹುದಾದ ಒಂದು ಸರಳ ಲೆಕ್ಕ ಇಲ್ಲಿದೆ. ಕುದುರೆಯ ತೂಕ 400 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ಬಿಸಿ ಹವೆಯಲ್ಲಿ ಅದಕ್ಕೆ ದಿನಕ್ಕೆ ಸುಮಾರು 30 ಲೀಟರ್ ನೀರು, 8 ಕಿ.ಗ್ರಾಂ. ಒಣ ಮೇವು ಬೇಕು. ನಿಕಿಟಿನ್ನನ ಪ್ರಯಾಣದಂತೆ ಸುಮಾರು 40 ದಿನ ಹಿಡಿದರೆ ನೀರು 1,200 ಲೀಟರ್, ಮೇವು 320 ಕಿ.ಗ್ರಾಂ. ಅಂದರೆ ಒಟ್ಟು ಒಂದೂವರೆ ಟನ್. ಕುದುರೆಯ ತೂಕದ ನಾಲ್ಕು ಪಟ್ಟಿಗಿಂತ ಸ್ವಲ್ಪವೇ ಕಡಿಮೆ! ಐವತ್ತು ಕುದುರೆಗಳ ಹಡಗಿಗೆ ನೀರೊಂದೇ 60 ಟನ್ ಆಗುತ್ತದೆ. ಇಷ್ಟನ್ನು ಒಮ್ಮೆಗೇ ಹೊರುವುದು ಕಷ್ಟ. ನಡುವೆ ಬಂದರು ಹಿಡಿದು ನೀರು ತುಂಬಿಕೊಳ್ಳುವುದೇ ಸುಲಭ.

ಕುದುರೆಯ ಶರೀರರಚನೆಯೂ ಸಮುದ್ರಯಾನಕ್ಕೆ ಅನುಕೂಲವಾದದ್ದಲ್ಲ. ಅದಕ್ಕೆ ವಾಂತಿ ಮಾಡಲು ಸಾಧ್ಯವಿಲ್ಲ. ಜಠರದ ಬಾಯಿಯ ಸ್ನಾಯು ಬಲವಾಗಿ ಬಿಗಿದುಕೊಂಡಿರುವುದು ಇದಕ್ಕೆ ಮುಖ್ಯ ಕಾರಣ. ಹೊಟ್ಟೆ ಕೆಟ್ಟರೆ ಶೂಲೆ ಬಂದು ಸಾಯುವುದೂ ಉಂಟು. ಕಾಲಿನ ಕೀಲುಗಳನ್ನು ಬಿಗಿಹಿಡಿಯುವ ವಿಶೇಷ ರಚನೆಯಿಂದಾಗಿ ಕುದುರೆ ನಿಂತೇ ತೂಕಡಿಸಬಲ್ಲದು; ಆದರೆ ಗಾಢನಿದ್ರೆಗೆ ಅದು ಮಲಗಲೇಬೇಕು. ಓಲಾಡುವ ಹಡಗಿನಲ್ಲಿ ವಾರಗಟ್ಟಲೆ ಸಮತೋಲ ಕಾಯ್ದುಕೊಳ್ಳುವುದೇ ಅದಕ್ಕೆ ದೊಡ್ಡ ದುಡಿಮೆ. ದಾರಿಯಲ್ಲಿ ಕುದುರೆಗಳು ಸಾಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಬರುವಾಗ ಕುದುರೆ, ಹೋಗುವಾಗ ಅಕ್ಕಿ

ಲಾರಿ ಮಾಲೀಕರನ್ನು ಇಂದು ಕಾಡುವ ಖಾಲಿ ಪ್ರಯಾಣದ ಸಮಸ್ಯೆಯನ್ನು ಭಟ್ಕಳ ಚೆನ್ನಾಗಿಯೇ ಬಿಡಿಸಿತ್ತು. 16ನೆಯ ಶತಮಾನದ ಆರಂಭದಲ್ಲಿ ಈ ಬಂದರನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುಆರ್ತೆ ಬಾರ್ಬೋಸಾ, ಹೋರ್ಮುಜಿನ ಹಡಗುಗಳು ಕುದುರೆ, ಮುತ್ತುಗಳನ್ನು ತಂದು ಇಲ್ಲಿಂದ ಬಿಳಿ ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ತುಂಬಿಕೊಂಡು ಹೋಗುತ್ತಿದ್ದವು ಎನ್ನುತ್ತಾನೆ. ಮಳೆ ಕಡಿಮೆಯಾದ ಕೊಲ್ಲಿ ನಾಡಿಗೆ ಅಕ್ಕಿ ಬೇಕು, ಮಳೆನಾಡಿಗೆ ಕುದುರೆ ಬೇಕು. ಹಿಂದಿರುಗುವ ಹಡಗಿಗೆ ಕಬ್ಬಿಣ, ಅಕ್ಕಿಗಳೇ ತಳದ ಭಾರವೂ ಆಗುತ್ತಿದ್ದವು, ಲಾಭದ ಸರಕೂ ಆಗುತ್ತಿದ್ದವು.

ಬಂದರಿನಿಂದ ಒಳನಾಡಿಗೆ ಹೋಗುವ ದಾರಿಯೂ ಅಷ್ಟೇ ಮುಖ್ಯ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಡೊಮಿಂಗೋ ಪಾಯಸ್ ಭಟ್ಕಳದಿಂದ ಒಳನಾಡಿಗೆ ಹೋಗುವ ನಲವತ್ತು ಹರಿದಾರಿಯ ಮಾರ್ಗವೊಂದನ್ನು ಹೇಳುತ್ತಾನೆ. ಆ ದಾರಿಯ ಬದಿಯಲ್ಲಿ ಅನೇಕ ಹಳ್ಳಗಳಿದ್ದವು. ಆ ಕಾರಣದಿಂದಲೇ ಭಟ್ಕಳಕ್ಕೆ ಅಪಾರ ಸರಕು ಹರಿದು ಬರುತ್ತಿತ್ತು, ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದವು ಎಂದು ಅವನ ವಿವರಣೆ. ಲಾರಿಗೆ ಡೀಸೆಲ್ ಬಂಕ್ ಇದ್ದಂತೆ ಎತ್ತಿಗೆ ಹಳ್ಳದ ನೀರು. ಪ್ರಾಣಿಗಳ ಹೆದ್ದಾರಿ ಯಾವುದೆಂದು ನಿರ್ಧರಿಸುತ್ತಿದ್ದುದು ನೀರೇ.

ಸತ್ತರೆ ಯಾರ ನಷ್ಟ?

ಹಡಗು ಸಿಕ್ಕಿತು, ಹಿಂದಿರುಗುವ ಸರಕೂ ಸಿಕ್ಕಿತು. ಇನ್ನು ಉಳಿದದ್ದು ಕಠಿಣವಾದ ಪ್ರಶ್ನೆ. 1535ರ ಹೊತ್ತಿಗೆ ವಿಜಯನಗರದಲ್ಲಿದ್ದ ಫೆರ್ನಾವೊ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಅವನ ಬರಹ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿಗೆ ತಂದ. 1485ರಿಂದ 1491ರವರೆಗೆ ಆಳಿದ ಸಾಳುವ ನರಸಿಂಹನ ಬಗ್ಗೆ ಅದರಲ್ಲಿ ಕುತೂಹಲದ ಸಂಗತಿಯೊಂದಿದೆ. ಹೋರ್ಮುಜ್ ಮತ್ತು ಏಡನ್ನಿನಿಂದ ಕುದುರೆ ತರಿಸಲು ಈ ರಾಜ ವ್ಯಾಪಾರಿಗಳು ಕೇಳಿದ ಬೆಲೆ ಕೊಡುತ್ತಿದ್ದ. ಸಾವಿರ ಪರ್ದಾವೊ ನಾಣ್ಯಕ್ಕೆ ಮೂರರಂತೆ ಸತ್ತದ್ದನ್ನೂ ಬದುಕಿದ್ದನ್ನೂ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ.

ಇದು ಅರಸನೊಬ್ಬನ ಹುಚ್ಚು ಔದಾರ್ಯವೆಂದು ತೋರಬಹುದು. ಆದರೆ ಯೋಚಿಸಿ. ದಾರಿಯಲ್ಲಿ ಕುದುರೆ ಸಾಯುವ ಭಯವಿದ್ದರೆ ವ್ಯಾಪಾರಿ ಹಡಗು ಹತ್ತುವುದೇ ಇಲ್ಲ, ಇಲ್ಲವೆ ಆ ಕುದುರೆಯನ್ನು ಹತ್ತಿರದ ಬೇರೆ ಬಂದರಿನಲ್ಲಿ, ಬಹುಶಃ ಶತ್ರುವಿಗೇ, ಮಾರುತ್ತಾನೆ. ನಷ್ಟವನ್ನು ರಾಜನೇ ಹೊತ್ತರೆ ಹಡಗುಗಳು ಅವನ ಬಂದರಿಗೇ ಬರುತ್ತವೆ. ಇಂದಿನ ಮಾತಿನಲ್ಲಿ ಇದು ಸರಕು ವಿಮೆ. ಬಾಲವೇ ಅದರ ದಾಖಲೆ. ಇದು ನರಸಿಂಹನೊಬ್ಬನ ಹೊಸ ಯೋಚನೆಯೂ ಅಲ್ಲ. ಅವನಿಗಿಂತ ಸುಮಾರು ಎರಡು ಶತಮಾನ ಮೊದಲು ಪಾಂಡ್ಯ ದೇಶಕ್ಕೆ ಕುದುರೆ ಒದಗಿಸುವ ಒಪ್ಪಂದದಲ್ಲಿಯೂ ದಾರಿಯಲ್ಲಿ ಸತ್ತ ಕುದುರೆಗಳ ಬೆಲೆಯನ್ನು ರಾಜನ ಬೊಕ್ಕಸದಿಂದ ಕೊಡಬೇಕೆಂಬ ಷರತ್ತಿತ್ತು ಎಂದು ಪರ್ಷಿಯದ ಇತಿಹಾಸಕಾರ ವಸ್ಸಾಫ್ ಬರೆದಿದ್ದಾನೆ.

ಆದರೆ ಈ ಉಪಾಯದಲ್ಲಿ ಒಂದು ದೋಷವಿದೆ. ಬಾಲಕ್ಕೂ ಕುದುರೆಗೂ ಒಂದೇ ಬೆಲೆಯಾದರೆ ಕುದುರೆಯನ್ನು ಬದುಕಿಸಿ ತರಲು ಸಾಗಿಸುವವನಿಗೆ ಯಾವ ಒತ್ತಾಯವೂ ಉಳಿಯುವುದಿಲ್ಲ. ನೀರು ಮುಗಿಯುತ್ತ ಬಂದಾಗ ಮೊದಲು ಯಾರ ಪಾಲಿಗೆ ಕತ್ತರಿ ಬೀಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ನಷ್ಟವೆಲ್ಲ ಬೇರೆಯವರದಾದಾಗ ಎಚ್ಚರ ತಪ್ಪುವ ಈ ಪ್ರವೃತ್ತಿಯನ್ನು ಅರ್ಥಶಾಸ್ತ್ರಜ್ಞರು ‘ನೈತಿಕ ಅಪಾಯ’ ಎನ್ನುತ್ತಾರೆ. ವ್ಯಾಪಾರಿ ಉಳಿದ, ರಾಜನಿಗೆ ಕುದುರೆ ಸಿಕ್ಕಿತು. ಮೂಕ ಪ್ರಾಣಿಯ ಹಿತವನ್ನು ಮಾತ್ರ ಆ ಒಪ್ಪಂದದಲ್ಲಿ ಯಾರೂ ಬರೆದಿರಲಿಲ್ಲ.

ನಂಬಿಕೆ ಕೆಟ್ಟಾಗ

ಬೆಲೆಯ ಬದಲು ಬಲವನ್ನು ಬಳಸಿದ ಉದಾಹರಣೆಗಳೂ ಇದೇ ಕರಾವಳಿಯಲ್ಲಿವೆ. ಭಟ್ಕಳದ ಮುಸ್ಲಿಂ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂದು ಸಿಟ್ಟಾದ ವಿಜಯನಗರದ ಅರಸ ಅವರನ್ನು ಕೊಲ್ಲಲು ಆಜ್ಞೆ ಮಾಡಿದ, 1479ರಲ್ಲಿ ಅನೇಕರು ಹತರಾದರು, ಉಳಿದವರು ಗೋವೆಗೆ ಓಡಿಹೋದರು ಎಂದು ಪೋರ್ಚುಗೀಸ್ ಇತಿಹಾಸಕಾರ ಜೊಆಂವ್ ದ ಬಾರೋಸ್ ದಾಖಲಿಸಿದ್ದಾನೆ. ಇದರ ಫಲವೇನು? ಕುದುರೆಯ ಸಂಪರ್ಕ, ಹಡಗಿನ ಪರಿಚಯ, ಬೆಲೆಯ ತಿಳಿವಳಿಕೆ ಎಲ್ಲವೂ ಆ ಜನರ ತಲೆಯಲ್ಲಿತ್ತು. ಅವರೊಂದಿಗೆ ಅದೂ ಶತ್ರುವಿನ ಬಂದರಿಗೆ ಹೋಯಿತು. ನರಸಿಂಹನು ಬಾಲಕ್ಕೂ ಬೆಲೆ ಕಟ್ಟಿದ್ದು ಈ ಘಟನೆಯ ನಂತರದ ವರ್ಷಗಳಲ್ಲಿ ಎಂಬುದನ್ನು ನೆನಪಿಡಿ.

1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಹಾಗೆ ಮಾಡಲು ಅವನನ್ನು ಪ್ರೇರೇಪಿಸಿದವನು ಹೊನ್ನಾವರದ ನೌಕಾನಾಯಕ ತಿಮ್ಮೋಜ. ಆಮೇಲೆ ಪೋರ್ಚುಗೀಸರು ಕುದುರೆಯ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಒತ್ತಾಯಿಸತೊಡಗಿದರು. ಭಟ್ಕಳದ ಕುದುರೆ ವ್ಯಾಪಾರ ಕುಗ್ಗಿತು. ಕುದುರೆಗಳ ಮೇಲೆ ಏಕಸ್ವಾಮ್ಯ ಪಡೆಯಲು ಕೃಷ್ಣದೇವರಾಯ ಯತ್ನಿಸಿದರೂ ಅಲ್ಬುಕರ್ಕ್ ಒಪ್ಪಲಿಲ್ಲ. ವಿಜಯನಗರದ ರಾಜ ಹೋರ್ಮುಜಿನ ಮತ್ತು ನಾಡಿನ ಕುದುರೆಗಳನ್ನು ಸೇರಿಸಿ ವರ್ಷಕ್ಕೆ 13,000 ಕೊಳ್ಳುತ್ತಿದ್ದ ಎನ್ನುತ್ತಾನೆ ನೂನಿಜ್. 1547ರ ಒಪ್ಪಂದದಲ್ಲಿ ಗೋವೆಗೆ ಬರುವ ಕುದುರೆಗಳನ್ನು ವಿಜಯನಗರಕ್ಕೇ ಕೊಡಲು ಪೋರ್ಚುಗೀಸರು ಒಪ್ಪಿದರು.

1565ರ ಯುದ್ಧದಲ್ಲಿ ವಿಜಯನಗರ ಸೋತಿತು. ಎರಡು ವರ್ಷಗಳ ನಂತರ ಅಲ್ಲಿಗೆ ಬಂದ ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆಡರಿಚಿ ಒಂದು ಕಹಿ ಘಟನೆಯನ್ನು ಬರೆದಿದ್ದಾನೆ. ಯುದ್ಧದಲ್ಲಿ ಕಳೆದುಹೋದ, ತನ್ನ ಮುದ್ರೆಯಿದ್ದ ಕುದುರೆಗಳನ್ನು ಯಾರು ತಂದುಕೊಟ್ಟರೂ ಬೆಲೆ ಕೊಡುವುದಾಗಿ ತಿರುಮಲ ಸಾರಿಸಿದ. ವ್ಯಾಪಾರಿಗಳು ತಂದುಕೊಟ್ಟಾಗ ಕುದುರೆಗಳನ್ನು ಇಟ್ಟುಕೊಂಡು ಬರಿಗೈಯಲ್ಲಿ ಕಳಿಸಿದ. ಒಂದು ಕಾಲಕ್ಕೆ ಸತ್ತ ಕುದುರೆಯ ಬಾಲಕ್ಕೂ ಹಣ ಸಿಗುತ್ತಿದ್ದ ರಾಜ್ಯದಲ್ಲಿ ಜೀವಂತ ಕುದುರೆಗೂ ಹಣ ಸಿಗದಾಯಿತು. ಇಂಥ ಕಡೆಗೆ ವ್ಯಾಪಾರಿ ಎರಡನೆಯ ಬಾರಿ ಬರುತ್ತಾನೆಯೇ?

ಹಲಗೆಯಿಂದ ಪರದೆಗೆ

ಸರಕು ಮತ್ತು ವಾಹನಗಳ ಮಾಹಿತಿ ಒಂದೆಡೆ ಸೇರುವ ಜಾಗಗಳು ಮುಂದೆ ಬೇರೆ ಬೇರೆ ರೂಪ ತಾಳಿದವು. 18ನೆಯ ಶತಮಾನದ ಲಂಡನ್ನಿನಲ್ಲಿ ಕಾಫಿ ಅಂಗಡಿಗಳೇ ಈ ಕೆಲಸ ಮಾಡುತ್ತಿದ್ದವು. 1744ರಲ್ಲಿ ‘ವರ್ಜೀನಿಯಾ ಅಂಡ್ ಬಾಲ್ಟಿಕ್’ ಎಂಬ ಹೆಸರು ಪಡೆದ ಕಾಫಿ ಅಂಗಡಿಯಿಂದಲೇ ಹಡಗು ಬಾಡಿಗೆಯ ಬಾಲ್ಟಿಕ್ ವಿನಿಮಯ ಕೇಂದ್ರ ಬೆಳೆಯಿತು. ಲಾರಿಗಳ ಕಾಲದಲ್ಲಿ, 1978ರಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಲಾರಿ ತಂಗುದಾಣವೊಂದರಲ್ಲಿ ‘ಡಯಲ್-ಎ-ಟ್ರಕ್’ ಆರಂಭವಾಯಿತು. ಚಾಲಕರು ಅಲ್ಲಿ ಸರಕಿನ ಪಟ್ಟಿ ನೋಡಿ ಫೋನ್ ಮಾಡುತ್ತಿದ್ದರು. ಇಂಟರ್‌ನೆಟ್ ಬಂದ ಮೇಲೆ ಆ ಪಟ್ಟಿ ಎಲ್ಲಿಂದಲಾದರೂ ಕಾಣುವಂತಾಯಿತು. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ‘ಬ್ಲ್ಯಾಕ್‌ಬಕ್’ ಲಾರಿ ಮಾಲೀಕರನ್ನೂ ಸರಕಿನವರನ್ನೂ ಮೊಬೈಲಿನಲ್ಲಿ ಸೇರಿಸುವ ನಮ್ಮ ದೇಶದ ಉದಾಹರಣೆ.

ಪರದೆ ಜಾಗವನ್ನು ಹುಡುಕಿಕೊಡುತ್ತದೆ, ನಿಜ. ಆದರೆ ನಂಬಿಕೆಯ ಪ್ರಶ್ನೆ ಪರಿಹಾರವಾಗುವುದು ಕಾನೂನಿನಿಂದ. ಅಮೆರಿಕದಲ್ಲಿ ಸರಕು ದಲ್ಲಾಳಿಗಳು 2013ರಿಂದ 75,000 ಡಾಲರ್ ಭದ್ರತೆ ಒದಗಿಸಬೇಕಾಗಿದೆ. ಬಾಡಿಗೆ ಕೊಡದೆ ಕೈಯೆತ್ತಿದರೆ ಲಾರಿಯವನಿಗೆ ಅದೇ ಆಸರೆ. ಫೆಡರಿಚಿ ಕಂಡ ವ್ಯಾಪಾರಿಗಳಿಗೆ ಇಂಥದ್ದೇನೂ ಇರಲಿಲ್ಲ.

ಪ್ರಾಣಿಯ ಹಿತವನ್ನು ಬರೆದದ್ದೂ ಕಾನೂನೇ. ರೈಲಿನಲ್ಲಿ ಸಾಗಿಸುವ ಜಾನುವಾರುಗಳನ್ನು 28 ಗಂಟೆಗಳಿಗೊಮ್ಮೆ ಇಳಿಸಿ ನೀರು, ಮೇವು, ವಿಶ್ರಾಂತಿ ಕೊಡಬೇಕೆಂದು ಅಮೆರಿಕ 1873ರಲ್ಲಿ ಕಾಯಿದೆ ಮಾಡಿತು. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ 1978ರಲ್ಲಿ ಪ್ರಾಣಿ ಸಾಗಣೆಯ ನಿಯಮಗಳು ಬಂದವು. ಡಯಲ್-ಎ-ಟ್ರಕ್ ಹುಟ್ಟಿದ್ದೂ ಅದೇ ವರ್ಷ! ಪಶುವೈದ್ಯರ ಪ್ರಮಾಣಪತ್ರ, ದಾರಿಯ ನೀರು-ಮೇವು ಮುಂತಾದವು ಆ ನಿಯಮಗಳಲ್ಲಿವೆ. ಹಡಗಿನಲ್ಲಿ ಸಾಗಿಸುವ ಕುದುರೆಗಳಿಗೆ ಪ್ರತ್ಯೇಕ ಗೂಡುಗಳು, ಧಾರಾಳ ಗಾಳಿ ಇರಬೇಕೆಂದೂ ಹೇಳಿದೆ. 2016ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮದ ಪ್ರಕಾರ ವಾಹನದಲ್ಲಿ ಹಸು ಅಥವಾ ಎಮ್ಮೆಗೆ 2 ಚದರ ಮೀಟರ್, ಕುದುರೆಗೆ 2.25, ಕುರಿ ಅಥವಾ ಆಡಿಗೆ 0.3 ಚದರ ಮೀಟರ್ ಜಾಗವನ್ನು ಅಡ್ಡಪಟ್ಟಿ ಹಾಕಿ ಬೇರ್ಪಡಿಸಬೇಕು. ಒಂದು ಪ್ರಾಣಿಗೆ ಒಂದು ಗೂಡು.

ಇಲ್ಲಿಯೇ ಸಾಮಾನ್ಯ ಲೋಡ್ ಬೋರ್ಡಿನ ಕೊರತೆ ಕಾಣುತ್ತದೆ. ಅದು ಸರಕನ್ನು ಟನ್ನಿನಲ್ಲಿ ಕೇಳುತ್ತದೆ. ಐದು ಟನ್ ಹೊರುವ ಲಾರಿಗೆ ತೂಕದ ಲೆಕ್ಕದಲ್ಲಿ 400 ಕಿ.ಗ್ರಾಂ.ನ ಹನ್ನೆರಡು ಎಮ್ಮೆಗಳು ಹಿಡಿಯುತ್ತವೆ. ಅದರ ತಳ 12 ಚದರ ಮೀಟರ್ ಇದ್ದರೆ ಜಾಗದ ಲೆಕ್ಕದಲ್ಲಿ ಆರೇ ಎಮ್ಮೆ. ಎರಡು ಲೆಕ್ಕಗಳ ನಡುವಿನ ಆ ಆರು ಎಮ್ಮೆಗಳಲ್ಲೇ ಸಾಗಣೆಯ ಹಿಂಸೆಯೆಲ್ಲ ಅಡಗಿದೆ. ಜೀವಂತ ಸರಕಿಗೆ ಹಲಗೆ ಬರೆಯುವವರು ತೂಕದ ಜೊತೆಗೆ ತಲೆಯೆಣಿಕೆ, ತಳದ ವಿಸ್ತೀರ್ಣ, ಪ್ರಯಾಣದ ಗಂಟೆಗಳು, ನೀರು ಕೊಡುವ ಜಾಗ ಇವನ್ನೂ ಬರೆಯಬೇಕು. ಬಾಡಿಗೆಯ ಒಂದು ಪಾಲನ್ನಾದರೂ ಪ್ರಾಣಿ ಆರೋಗ್ಯವಾಗಿ ಇಳಿದ ಮೇಲೆ ಕೊಡುವಂತಿರಬೇಕು. ಆಗ ನರಸಿಂಹನ ಒಪ್ಪಂದದಲ್ಲಿದ್ದ ದೋಷ ಇಲ್ಲವಾಗುತ್ತದೆ.

ಭಟ್ಕಳದ ಬಂದರಿಗೆ ಹೋದರೆ ಇಂದು ನಿಮಗೆ ಕಾಣುವುದು ಮೀನುಗಾರಿಕೆಯ ದೋಣಿಗಳು. ಅರಬ್ಬೀ ಕುದುರೆಗಳು ಇಳಿದ ಕಾಲ ಕಳೆದು ಶತಮಾನಗಳಾದವು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಈ ಕಥೆ ಹೇಳಿ, ಬಳಿಕ ಹೆದ್ದಾರಿಯಲ್ಲಿ ಜಾನುವಾರು ಲಾರಿ ಕಂಡರೆ ಅದರ ತಳದ ವಿಸ್ತೀರ್ಣವನ್ನು ಅಂದಾಜು ಮಾಡಿ ತಲೆ ಎಣಿಸಲು ಹೇಳಿ. ಗಣಿತ, ಇತಿಹಾಸ, ದಯೆ ಮೂರಕ್ಕೂ ಅದೊಂದೇ ಪಾಠ ಸಾಕು.